ಕನ್ಯಾಮಠದ ಹೊಸ್ತಿಲು

ಕಾನ್ವೆಂಟು ಎಂದೊಡನೆ ನಮ್ಮ ಊರುಗಳಲ್ಲಿ ಯಾರ ಮನಸ್ಸಿಗಾದರೂ ಮೊದಲು ಬರುವುದು ಶಾಲೆ: ಸಮವಸ್ತ್ರ ತೊಟ್ಟ ಮಕ್ಕಳು, ಇಂಗ್ಲಿಷ್ ಪಾಠ, ಶಿಸ್ತಿನ ಗಂಟೆ. ಆದರೆ ಈ ಶಬ್ದದ ಮೂಲವಾದ ‘ಕಾನ್ವೆಂಟುಸ್’ ಎಂಬ ಲ್ಯಾಟಿನ್ ಮಾತಿಗೆ ಕೂಡಿಕೆ, ಸಭೆ ಎಂದಷ್ಟೇ ಅರ್ಥ. ವ್ರತ ತೊಟ್ಟವರು ಒಟ್ಟಾಗಿ ಬಾಳುವ ಮನೆಗೆ ಆ ಹೆಸರು ಸಂದಿತು. ಆ ಮನೆಯ ಸ್ತ್ರೀಯರು ನಡೆಸಿದ ಶಾಲೆಗಳ ಖ್ಯಾತಿಯಿಂದ ನಮ್ಮಲ್ಲಿ ಅದು ಶಾಲೆಗೇ ನಿಂತುಬಿಟ್ಟಿತು. ಇದರ ನೆರೆಯಲ್ಲಿ ಇನ್ನೊಂದು ಶಬ್ದವಿದೆ: ‘ಕ್ಲಾಯ್ಸ್ಟರ್’. ಅದರ ಮೂಲ ‘ಕ್ಲೌಸ್ಟ್ರುಂ’. ಅಗುಳಿ ಎಂದೂ ಮುಚ್ಚಿದ ಆವರಣವೆಂದೂ ಅದಕ್ಕೆ ಅರ್ಥ. ಶಾಲೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ನಡೆಸದೆ, ಒಂದು ಗೋಡೆಯ ಒಳಗೆ ಪ್ರಾರ್ಥನೆ, ಮೌನ, ಕೈಕೆಲಸಗಳಲ್ಲಿ ಆಯುಷ್ಯವನ್ನೆಲ್ಲ ಕಳೆಯುವ ಕ್ಯಾಥೊಲಿಕ್ ಸನ್ಯಾಸಿನಿಯರ ಮನೆ ಅದು. ಈ ಎರಡನೆಯ ಬಗೆಯ ಮನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಎರಡೂ ಬಗೆಗಳು ಮಂಗಳೂರಿಗೆ ಒಂದೇ ವರ್ಷ ಬಂದವೆಂಬುದು ಕುತೂಹಲದ ಸಂಗತಿ. 1870ರಲ್ಲಿ ಕಾರ್ಮೆಲ್ ಪಂಥದ ಎರಡು ತಂಡಗಳು ಫ್ರಾನ್ಸಿನಿಂದ ಹೊರಟು ಅಲ್ಲಿ ನೆಲಸಿದವು. ಒಂದು, ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡ ಅಪೊಸ್ತಲಿಕ್ ಕಾರ್ಮೆಲ್. ಸೇಂಟ್ ಆಗ್ನೆಸ್ ಕಾಲೇಜಿನಂಥ ಸಂಸ್ಥೆಗಳಿಂದ ಅದು ಮನೆಮಾತಾಯಿತು. ಇನ್ನೊಂದು ಆವೃತ ಮಠದ ಕಾರ್ಮೆಲ್. ಅದು ಗೋಡೆಯ ಹಿಂದೆ ಸರಿದು ಮೌನ ತಾಳಿತು. ಮೊದಲನೆಯದರ ಬದುಕು ಎಲ್ಲರ ಕಣ್ಣಮುಂದೆ ನಡೆಯುತ್ತದೆ. ಎರಡನೆಯದರದು ಹಾಗಲ್ಲ. ಹಾಗಿರುವಾಗ ಅಂಥ ಮಠವನ್ನು ಸೇರಬೇಕೆಂಬ ಆಸೆ ಮೂಡಿದ ಇಪ್ಪತ್ತರ ಹರೆಯದ ಹೆಣ್ಣುಮಗಳು, ಒಳಗಿನ ಬದುಕನ್ನು ಕಾಣದೆ ತನ್ನ ಇಡೀ ಆಯುಷ್ಯವನ್ನು ಹೇಗೆ ಅದರ ಕೈಗೆ ಒಪ್ಪಿಸಿಯಾಳು?

ಈ ಪ್ರಶ್ನೆಗೆ ಕ್ಯಾಥೊಲಿಕ್ ಸಂಪ್ರದಾಯ ಕೊಡುವ ಉತ್ತರ ಸರಳವಾದುದು: ಬಂದು ನೋಡು, ಕೆಲವು ದಿನ ಇದ್ದು ಹಿಂದಿರುಗು, ಆಮೇಲೆ ಯೋಚಿಸು. ಹೀಗೆ ಹೋಗಿಬರುವುದಕ್ಕೆ ಕೆಲವರು ತಪಸ್ಸುಕಾಲವನ್ನು ಆರಿಸಿಕೊಳ್ಳುತ್ತಾರೆ. ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಆರಂಭವಾಗಿ, ಈಸ್ಟರಿನವರೆಗೆ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳಾಗುವ ಉಪವಾಸದ ಕಾಲವದು. ಯೇಸು ಅರಣ್ಯದಲ್ಲಿ ಕಳೆದ ನಲವತ್ತು ದಿನಗಳ ಸ್ಮರಣೆ. ಆ ಅವಧಿಯಲ್ಲಿ ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ಹರ್ಷೋದ್ಗಾರ ಕೇಳಿಬರುವುದಿಲ್ಲ, ಗುರುವಿನ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಊಟ ಇಳಿಯುತ್ತದೆ. ಹಬ್ಬದ ಹಾಡು, ಹೂವು, ಅಲಂಕಾರಗಳಿಗೆ ಮರುಳಾಗುವ ಅಪಾಯ ಆಗ ಕಡಿಮೆ. ಮಠ ತನ್ನ ಅತ್ಯಂತ ಬರಿದಾದ ರೂಪದಲ್ಲಿ ಕಾಣುವುದು ಆಗಲೇ.

ಹೋದವಳಿಗೆ ಕಾಣುವುದಾದರೂ ಏನು? ಮೊದಲ ಭೇಟಿಯಲ್ಲಿ ಆಕೆ ಸಾಮಾನ್ಯವಾಗಿ ಆವರಣದ ಹೊರಗಿನ ಅತಿಥಿಗೃಹದಲ್ಲಿ ತಂಗುತ್ತಾಳೆ. ಬೆಳಕು ಹರಿಯುವ ಮುನ್ನವೇ ಗಂಟೆ ಬಾರಿಸುತ್ತದೆ. ದೇವಾಲಯದ ಹೊರಭಾಗದಲ್ಲಿ ಕುಳಿತು, ಒಳಭಾಗದಿಂದ ಬರುವ ಕೀರ್ತನೆಗಳ ಪಠನವನ್ನು ದಿನದ ಹಲವು ಹೊತ್ತಿನಲ್ಲಿ ಕೇಳುತ್ತಾಳೆ. ಉಳಿದ ಹೊತ್ತು ಓದು, ನಡಿಗೆ, ಮೌನ. ಒಂದೆರಡು ಸಲ ಭೇಟಿಯ ಕೊಠಡಿಯಲ್ಲಿ ಮಠದ ಹಿರಿಯರೊಡನೆ ಮಾತು. ಕೆಲವೆಡೆ ನಡುವೆ ಜಾಲರಿ ಇಂದಿಗೂ ಇದೆ. ಕೆಲವೆಡೆ ಅದನ್ನು ತೆಗೆದಿದ್ದಾರೆ. ಸಾಮಾನು ಕೊಟ್ಟುಕೊಳ್ಳಲು ಗೋಡೆಯಲ್ಲಿ ತಿರುಗುಪೆಟ್ಟಿಗೆಯಿರುವುದೂ ಉಂಟು. ಮುಂದಿನ ಹಂತಗಳಲ್ಲಿ, ಎರಡೂ ಕಡೆಯವರಿಗೆ ಒಪ್ಪಿಗೆಯಾದರೆ, ಅನುಮತಿ ಪಡೆದು ಆವರಣದ ಒಳಗೇ ಕೆಲಕಾಲ ಇದ್ದು ನೋಡಬಹುದು. ತಪಸ್ಸುಕಾಲದಲ್ಲಿ ಭೇಟಿಗಳನ್ನು ನಿಲ್ಲಿಸುವ ಮಠಗಳೂ ಇರುವುದರಿಂದ ಮೊದಲೇ ಕಾಗದ ಬರೆದು ಕೇಳಿಕೊಳ್ಳುವುದು ರೂಢಿ.

ಈ ಭೇಟಿಯ ಉದ್ದೇಶಕ್ಕೆ ‘ದೈವಕರೆಯ ವಿವೇಚನೆ’ ಎಂದು ಹೆಸರು. ಕರೆ ಎನ್ನುವುದು ಕಿವಿಗೆ ಕೇಳುವ ಮಾತಲ್ಲ; ಮನಸ್ಸಿನಲ್ಲಿ ಮತ್ತೆ ಮತ್ತೆ ಏಳುವ ಒಂದು ಸೆಳೆತ. ಆ ಸೆಳೆತ ದೇವರದೋ, ನಿರಾಶೆಯದೋ, ಹೊಗಳಿಕೆಯ ಬಯಕೆಯದೋ ಎಂದು ಬೇರ್ಪಡಿಸಿ ನೋಡುವುದೇ ವಿವೇಚನೆ. 1548ರಲ್ಲಿ ಅಚ್ಚಾದ ಇಗ್ನೇಷಿಯಸ್ ಲೊಯೊಲಾರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥದಲ್ಲಿ ಇದಕ್ಕೆ ಕೆಲವು ಸೂತ್ರಗಳಿವೆ. ಅವುಗಳಲ್ಲಿ ಒಂದರ ತಾತ್ಪರ್ಯ ಹೀಗೆ: ಮನಸ್ಸು ಕುಗ್ಗಿರುವಾಗ ಹಿಂದೆ ಮಾಡಿದ ನಿಶ್ಚಯವನ್ನು ಬದಲಿಸಬಾರದು. ಪ್ರೇಮ ಮುರಿದುಬಿದ್ದ ವಾರದಲ್ಲಿ, ಮನೆಯಲ್ಲಿ ಜಗಳವಾದ ರಾತ್ರಿಯಲ್ಲಿ ಮಠದ ನೆನಪಾದರೆ ಅದು ಕರೆಯಾಗಿರಲಿಕ್ಕಿಲ್ಲ, ಓಟವಾಗಿರಬಹುದು. ಹಾಗೆಯೇ ಉಪವಾಸದ ಹುರುಪಿನಲ್ಲಿ ಹುಟ್ಟಿದ ಉತ್ಸಾಹವೂ ಪರೀಕ್ಷೆಗೆ ಒಳಪಡಬೇಕು. ಆದ್ದರಿಂದ ತಪಸ್ಸುಕಾಲದಲ್ಲಿ ಕಂಡ ಮಠವನ್ನು, ಏನೂ ವಿಶೇಷವಿಲ್ಲದ ಸಾಧಾರಣ ದಿನಗಳಲ್ಲಿ ಇನ್ನೊಮ್ಮೆ ಕಾಣುವುದು ವಿವೇಕ.

ಬಂದವರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳಬಾರದೆಂಬ ನಿಯಮ ಬಹು ಹಳೆಯದು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠನಿಯಮದಲ್ಲಿ, ಬಾಗಿಲು ತಟ್ಟಿದವನನ್ನು ನಾಲ್ಕೈದು ದಿನ ಹೊರಗೇ ಕಾಯಿಸಬೇಕೆಂದಿದೆ. ಅಲ್ಲಿಗೂ ಅವನು ಹೋಗದಿದ್ದರೆ ಒಳಗೆ ಕರೆದು, ಎರಡು ತಿಂಗಳಾದ ಮೇಲೆ ಇಡೀ ನಿಯಮವನ್ನು ಓದಿ ಹೇಳಬೇಕು. ಮತ್ತೆ ಆರು ತಿಂಗಳಾದ ಮೇಲೆ ಓದಬೇಕು. ಮತ್ತೆ ನಾಲ್ಕು ತಿಂಗಳಾದ ಮೇಲೆ ಓದಬೇಕು. ಪಾಲಿಸಬಲ್ಲೆಯಾದರೆ ಇರು, ಆಗದಿದ್ದರೆ ನೀನು ಹೋಗಲು ಸ್ವತಂತ್ರ ಎಂದು ತಿಳಿಸಬೇಕು. ಪುರುಷರಿಗಾಗಿ ಬರೆದ ಈ ನಿಯಮವನ್ನು ಸನ್ಯಾಸಿನಿಯರೂ ಅನುಸರಿಸಿದರು. ಸನ್ಯಾಸಿಯ ಬಾಳು ವರ್ಷವಿಡೀ ತಪಸ್ಸುಕಾಲದಂತಿರಬೇಕೆಂದು ಹೇಳಿದವರೂ ಅವರೇ.

ತಪಸ್ಸುಕಾಲಕ್ಕೂ ಈ ವಿವೇಚನೆಗೂ ಇರುವ ನಂಟಿಗೆ ಇತಿಹಾಸದಿಂದ ಎರಡು ನಿದರ್ಶನಗಳನ್ನು ಕೊಡಬಹುದು. ಮೊದಲನೆಯದು ಇಟಲಿಯ ಅಸ್ಸೀಸಿಯ ಸಂತ ಕ್ಲಾರಾಳದು. ಸಂಪ್ರದಾಯದ ಪ್ರಕಾರ 1212ರ ಗರಿಗಳ ಭಾನುವಾರದ ರಾತ್ರಿ, ಎಂದರೆ ತಪಸ್ಸುಕಾಲದ ಕೊನೆಯ ವಾರದ ಆರಂಭದಲ್ಲಿ, ಆಕೆ ಮನೆ ಬಿಟ್ಟು ಫ್ರಾನ್ಸಿಸರ ಬಳಿಗೆ ಬಂದಳು. ಫ್ರಾನ್ಸಿಸರು ಅವಳನ್ನು ಮೊದಲು ಒಂದು ಬೆನೆಡಿಕ್ಟ್ ಮಠದಲ್ಲಿ ಇರಿಸಿದರು. ಹಿಂದಕ್ಕೆ ಎಳೆದೊಯ್ಯಲು ಬಂಧುಗಳು ಅಲ್ಲಿಗೆ ಬಂದಾಗ, ಕತ್ತರಿಸಿದ ಕೂದಲನ್ನು ತೋರಿಸಿ ಆಕೆ ಪೀಠದ ಬಟ್ಟೆಯನ್ನು ಹಿಡಿದು ನಿಂತಳಂತೆ. ಅಲ್ಲಿಂದ ಇನ್ನೊಂದು ಸಮುದಾಯಕ್ಕೆ ಹೋದಳು. ಅಲ್ಲಿಯೂ ಅವಳ ಮನಸ್ಸು ನಿಲ್ಲಲಿಲ್ಲ. ಮೂರನೆಯದಾಗಿ ಸಾನ್ ದಾಮಿಯಾನೊದಲ್ಲಿ ಕಾಲೂರಿದಳು. ಗುರಿಯ ಬಗ್ಗೆ ಅಷ್ಟು ನಿಶ್ಚಯವಿದ್ದವಳಿಗೂ ಯಾವ ಮನೆ ತನ್ನದೆಂಬುದು ಇದ್ದು ನೋಡಿಯೇ ತಿಳಿಯಬೇಕಾಯಿತು.

ಎರಡನೆಯದು ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಳದು. ಅವಳ ಅಕ್ಕ ಪೌಲಿನ್ 1882ರಲ್ಲಿ ಅಲ್ಲಿನ ಕಾರ್ಮೆಲ್ ಮಠವನ್ನು ಸೇರಿದಳು. ಗುರುವಾರಗಳಂದು ಮನೆಯವರೆಲ್ಲ ಜಾಲರಿಯ ಮುಂದೆ ಕುಳಿತು ಅವಳೊಡನೆ ಮಾತಾಡುವರು. ಚಿಕ್ಕವಳಾದ ತೆರೇಸಳಿಗೆ ಕೊನೆಯ ಎರಡು ಮೂರು ನಿಮಿಷ ದಕ್ಕಿದರೆ ಹೆಚ್ಚು. ತಾನೂ ಸೇರುತ್ತೇನೆಂದು ಒಂಬತ್ತರ ವಯಸ್ಸಿನಲ್ಲೇ ಕೇಳಿದಳು. ಹದಿನಾರಾಗುವವರೆಗೆ ಕಾಯಬೇಕೆಂದು ಮಠದ ಹಿರಿಯರು ಹೇಳಿದರು. ಹದಿನಾಲ್ಕರಲ್ಲಿ ಬಿಷಪ್ಪರನ್ನು ಕಂಡಳು. 1887ರ ನವೆಂಬರಿನಲ್ಲಿ ರೋಮಿಗೆ ಹೋಗಿ ಪೋಪ್ ಹದಿಮೂರನೆಯ ಲಿಯೋ ಅವರನ್ನೇ ಬೇಡಿದಳು. 1888ರ ಹೊಸ ವರ್ಷದ ದಿನ ಬಿಷಪ್ಪರ ಅನುಮತಿ ಬಂದ ಸುದ್ದಿ ತಲುಪಿತು. ಆದರೆ ಮಠದವರು ತಪಸ್ಸುಕಾಲ ಮುಗಿಯಲಿ ಎಂದು ತಡೆದರು. ಎಳೆಯ ಮೈಗೆ ಕಾರ್ಮೆಲಿನ ಉಪವಾಸ ಕಠಿಣವೆಂಬುದು ಅವರ ಅಳಲು. ಆ ಮೂರು ತಿಂಗಳನ್ನು ತೆರೇಸಾ ಉಪಯೋಗಿಸಿಕೊಂಡ ಬಗೆ ಗಮನಾರ್ಹ. ದೇಹದಂಡನೆಯ ದೊಡ್ಡ ಸಾಹಸಗಳಿಗೆ ಆಕೆ ಕೈಹಾಕಲಿಲ್ಲ. ತನ್ನ ಹಟವನ್ನು ಮುರಿಯುವುದು, ನಾಲಗೆಯ ತುದಿಗೆ ಬಂದ ಪ್ರತ್ಯುತ್ತರವನ್ನು ನುಂಗುವುದು, ಯಾರಿಗೂ ತಿಳಿಯದಂತೆ ಚಿಕ್ಕಪುಟ್ಟ ಸೇವೆ ಮಾಡುವುದು, ಇವಿಷ್ಟನ್ನು ಅಭ್ಯಾಸ ಮಾಡಿಕೊಂಡಳು. 1888ರ ಏಪ್ರಿಲ್ 9ರಂದು ಹದಿನೈದರ ಹರೆಯದಲ್ಲಿ ಒಳಗೆ ಹೋದಳು. ಬಾಗಿಲಲ್ಲಿ ಕಾಯಿಸಿದ ಆ ತಪಸ್ಸುಕಾಲವೇ ಅವಳ ಮೊದಲ ಪಾಠವಾಯಿತೆನ್ನಬಹುದು.

ಇಷ್ಟೊಂದು ಕಾಯಿಸುವುದು, ಪ್ರಶ್ನಿಸುವುದು, ಮರಳಿ ಕಳಿಸುವುದು ಏಕೆ? ಇದಕ್ಕೆ ಕಾರಣವಾದ ಕಹಿ ಇತಿಹಾಸವೊಂದಿದೆ. ಯುರೋಪಿನ ಶ್ರೀಮಂತ ಮನೆತನಗಳು ಆಸ್ತಿ ಒಡೆಯದಿರಲೆಂದೂ ಮದುವೆಯ ವರದಕ್ಷಿಣೆ ಉಳಿಯಲೆಂದೂ ಎಷ್ಟೋ ಹೆಣ್ಣುಮಕ್ಕಳನ್ನು ಬಲವಂತದಿಂದ ಮಠಕ್ಕೆ ತಳ್ಳಿದವು. 1563ರಲ್ಲಿ ಟ್ರೆಂಟ್ ಧರ್ಮಪರಿಷತ್ತು ಮಠಗಳ ಆವರಣವನ್ನು ಬಿಗಿಗೊಳಿಸಿದಾಗಲೇ, ಹೆಣ್ಣನ್ನು ಬಲವಂತವಾಗಿ ಮಠಕ್ಕೆ ಸೇರಿಸುವವರಿಗೆ ಬಹಿಷ್ಕಾರವನ್ನೂ ವಿಧಿಸಿತು. ಸೇರುವವಳ ಇಚ್ಛೆ ಸ್ವಂತದ್ದೇ ಎಂದು ಬಿಷಪ್ಪರ ಕಡೆಯಿಂದ ವಿಚಾರಣೆಯಾಗಬೇಕೆಂದಿತು. ನಿಯಮವೇನೋ ಆಯಿತು; ಮನೆಯ ಭಯ ಹೋಗಲಿಲ್ಲ. ಬಾಲ್ಯದಲ್ಲೇ ವೆನಿಸ್ಸಿನ ಮಠವೊಂದಕ್ಕೆ ಸೇರಿಸಲ್ಪಟ್ಟ ಅರ್ಕಾಂಜೆಲಾ ತಾರಾಬೊತ್ತಿ ತಂದೆಯರ ಈ ದಬ್ಬಾಳಿಕೆಯನ್ನು ಖಂಡಿಸಿ ಬರೆದ ಗ್ರಂಥ, ಆಕೆ ತೀರಿಕೊಂಡ ಎರಡು ವರ್ಷಗಳ ಮೇಲೆ, 1654ರಲ್ಲಿ ಅಚ್ಚಾಯಿತು. ಮಾಂತ್ಸೋನಿಯ ‘ಇ ಪ್ರೊಮೆಸ್ಸಿ ಸ್ಪೋಸಿ’ ಕಾದಂಬರಿಯನ್ನು ಓದಿದವರು ಜೆರ್ತ್ರೂದ್ ಎಂಬ ಪಾತ್ರವನ್ನು ಮರೆಯಲಾರರು. ವಿಚಾರಣೆಗೆ ಬಂದ ಗುರು, ನಿನಗೆ ಯಾರ ಒತ್ತಾಯವೂ ಇಲ್ಲವಷ್ಟೆ ಎಂದು ಕೇಳುತ್ತಾನೆ. ತಂದೆಯ ಭಯದಿಂದ ಆಕೆ ಸ್ವಂತ ಇಚ್ಛೆಯೇ ಎನ್ನುತ್ತಾಳೆ. ಆ ಒಂದು ಸುಳ್ಳಿನಿಂದ ಎಷ್ಟು ಬಾಳುಗಳು ಹಾಳಾದುವೆಂಬುದನ್ನು ಕಾದಂಬರಿಕಾರ ಮುಂದೆ ತೋರಿಸುತ್ತಾನೆ.

ಇಂದಿನ ಅಪಾಯದ ರೂಪ ಬೇರೆ. ಅನೇಕ ಮಠಗಳಲ್ಲಿ ವೃದ್ಧರೇ ಉಳಿದಿದ್ದಾರೆ. ಬಂದವರನ್ನೆಲ್ಲ ಸೇರಿಸಿಕೊಳ್ಳುವ ಆಸೆ ಸಹಜ. ಅದನ್ನರಿತೇ ಪೋಪ್ ಫ್ರಾನ್ಸಿಸರು 2016ರ ತಮ್ಮ ಶಾಸನದಲ್ಲಿ, ಮಠ ಉಳಿಯಬೇಕೆಂಬ ಒಂದೇ ಕಾರಣಕ್ಕೆ ಹೊರದೇಶಗಳಿಂದ ಹೆಣ್ಣುಮಕ್ಕಳನ್ನು ತರಬಾರದೆಂದು ಖಂಡಿತವಾಗಿ ಹೇಳಿದರು. 2018ರ ನಿಯಮಾವಳಿಯಂತೆ, ಮೊದಲ ಪರಿಚಯದ ಹಂತಕ್ಕೆ ಕನಿಷ್ಠ ಒಂದು ವರ್ಷ, ಪ್ರವೇಶಾರ್ಥಿಯಾಗಿ ಒಂದು ವರ್ಷ, ನವಶಿಷ್ಯೆಯಾಗಿ ಎರಡು ವರ್ಷ, ತಾತ್ಕಾಲಿಕ ವ್ರತದಲ್ಲಿ ಐದು ವರ್ಷ, ಒಟ್ಟು 9 ವರ್ಷಗಳಾದರೂ ಕಳೆಯದೆ ಶಾಶ್ವತ ವ್ರತವಿಲ್ಲ. ತಪಸ್ಸುಕಾಲದ ನಾಲ್ಕು ದಿನದ ಭೇಟಿ ಈ ದೀರ್ಘ ದಾರಿಯ ಮೊದಲ ಹೆಜ್ಜೆ ಮಾತ್ರ.

ಬೇಡವೆಂಬ ಉತ್ತರವೂ ಉತ್ತರವೇ ಎಂಬುದಕ್ಕೆ ಮಂಗಳೂರಿನ ಆ ಮಠದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಗಲಿಲಾಯದ ಇಬಿಲ್ಲಿನ್ ಗ್ರಾಮದಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಮೊದಲು ಸೇರಬಯಸಿದ್ದು ಮಾರ್ಸೇಲ್ಸಿನ ಒಂದು ಸೇವಾಸಂಘವನ್ನು. ಅಲ್ಲಿನವರು ಆಕೆಯನ್ನು ನವಶಿಷ್ಯೆಯಾಗಿ ಒಪ್ಪಲಿಲ್ಲ. 1867ರಲ್ಲಿ ಪೋ ಊರಿನ ಕಾರ್ಮೆಲ್ ಮಠ ಅವಳಿಗೆ ಬಾಗಿಲು ತೆರೆಯಿತು. 1870ರಲ್ಲಿ ಮಂಗಳೂರಿನತ್ತ ಹಡಗು ಹತ್ತಿದ ತಂಡದಲ್ಲಿ ಅವಳೂ ಇದ್ದಳು; ತಲುಪುವ ಮುನ್ನ ಮೂವರು ಸಹೋದರಿಯರು ತೀರಿಕೊಂಡರು. 1871ರ ನವೆಂಬರ್ 21ರಂದು ಮರಿಯಂ ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲಿ. ಮರುವರ್ಷವೇ ಅವಳನ್ನು ಫ್ರಾನ್ಸಿಗೆ ಮರಳಿ ಕಳಿಸಲಾಯಿತು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿನ ಕಾರ್ಮೆಲ್ ಮಠದ ಸ್ಥಾಪನೆಗೆ ಕಾರಣಳಾಗಿ, 1878ರಲ್ಲಿ ಅಲ್ಲಿಯೇ ತೀರಿಕೊಂಡಳು. 2015ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. ಒಂದು ಮನೆ ಒಲ್ಲೆನೆಂದದ್ದು, ಇನ್ನೊಂದು ಮನೆ ಹಿಂದೆ ಕಳಿಸಿದ್ದು, ಎರಡೂ ಆ ಬಾಳಿನ ದಾರಿಯನ್ನು ಮುಚ್ಚಲಿಲ್ಲ.

ಆದುದರಿಂದ ಮಠಕ್ಕೆ ಹೋಗಿ, ಇದು ನನ್ನದಲ್ಲವೆಂದು ತಿಳಿದು ಮರಳಿದ ಹೆಣ್ಣುಮಗಳು ಸೋತವಳೆಂದು ಭಾವಿಸಬೇಕಾಗಿಲ್ಲ. ಅವಳು ಹೋದ ಕೆಲಸವನ್ನು ಮುಗಿಸಿಯೇ ಬಂದಿದ್ದಾಳೆ. ಒಳಗೆ ಉಳಿದವಳನ್ನು ಕಂಡು ಮರುಗುವ ತಂದೆತಾಯಿಗಳೂ, ಬೆರಗಾಗುವ ಹೊರಗಿನವರೂ ಕೇಳಬೇಕಾದ ಪ್ರಶ್ನೆ ಒಂದೇ: ಬೇಡವೆನ್ನುವ ಅವಕಾಶ ಇವಳಿಗೆ ಎಷ್ಟು ಸಲ ಒದಗಿತ್ತು? ಅದು ನಿಜವಾಗಿ, ಹಲವು ಸಲ ಒದಗಿತ್ತಾದರೆ, ಆ ಗೋಡೆಯನ್ನು ಅವಳು ತಾನೇ ಆರಿಸಿಕೊಂಡಿದ್ದಾಳೆ. ಹಾಗೆ ಆರಿಸಿಕೊಂಡವಳಿಗೆ ಅದು ಸೆರೆಮನೆಯಲ್ಲ, ಮನೆ.