ಹಾರ್ವರ್ಡ್ ಮೈದಾನದ ಗುರು: ವಿಲಿಯಂ ಹೆನ್ರಿ ಲೂಯಿಸ್

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಮಗೆ ಪರಿಚಿತವಾದ ಕಾಲ್ಚೆಂಡಾಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟವದು. ಆಕ್ರಮಣ ಸಾಲಿನ ಮಧ್ಯದಲ್ಲಿ ನಿಲ್ಲುವ 'ಸೆಂಟರ್' ಚೆಂಡನ್ನು ಹಿಂದಕ್ಕೆ ದಾಟಿಸಿದ ಕ್ಷಣದಿಂದ ಆಟ ಆರಂಭವಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಈ ಸ್ಥಾನದಲ್ಲಿ ನಿಂತು ಹೆಸರು ಮಾಡಿದವರು ವಿಲಿಯಂ ಹೆನ್ರಿ ಲೂಯಿಸ್. ಆಟದ ನಿಯಮವನ್ನೇ ತಿದ್ದಿಸಿದ ಈ ಕಪ್ಪು ವರ್ಣೀಯ ಆಟಗಾರ, ಮೈದಾನದ ಹೊರಗೆ ತಮ್ಮ ಸ್ಥಾನಕ್ಕಾಗಿ ಮತ್ತೆ ಮತ್ತೆ ಹೋರಾಡಬೇಕಾಯಿತು.

ಗುಲಾಮಗಿರಿಯಿಂದ ಬಿಡುಗಡೆಗೊಂಡ ದಂಪತಿಯ ಮಗನಾಗಿ ಲೂಯಿಸ್ 1868ರಲ್ಲಿ ವರ್ಜೀನಿಯಾದಲ್ಲಿ ಜನಿಸಿದರು. ಅಮೆರಿಕದ ಅಂತರ್ಯುದ್ಧ ಮುಗಿದು ಆಗ ಕೇವಲ ಮೂರು ವರ್ಷಗಳಾಗಿದ್ದವು. ಉನ್ನತ ಶಿಕ್ಷಣಕ್ಕಾಗಿ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಕಾಲೇಜು ಸೇರಿದ ಅವರು, 1891ರಲ್ಲಿ ಅಲ್ಲಿನ ಫುಟ್‌ಬಾಲ್ ತಂಡದ ನಾಯಕರಾದರು. ನಂತರ ಹಾರ್ವರ್ಡ್‌ನಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿದರು. ಪದವೀಧರರೂ ಕಾಲೇಜು ತಂಡದಲ್ಲಿ ಆಡಲು ಅಂದು ಅವಕಾಶವಿದ್ದುದರಿಂದ ಇನ್ನೆರಡು ವರ್ಷ ಹಾರ್ವರ್ಡ್ ಪರ ಆಡಿದರು. 1892 ಹಾಗೂ 1893ರಲ್ಲಿ ರಾಷ್ಟ್ರದ ಅತ್ಯುತ್ತಮ ಆಟಗಾರರನ್ನು ಹೆಸರಿಸುವ 'ಆಲ್ ಅಮೆರಿಕ' ತಂಡಕ್ಕೆ ಆಯ್ಕೆಯಾದರು. ಈ ಗೌರವ ಪಡೆದ ಮೊದಲ ಕಪ್ಪು ವರ್ಣೀಯ ಅವರೇ. ಸೆಂಟರ್ ಸ್ಥಾನಕ್ಕೆ ಅವರದು ಹಗುರ ದೇಹ. ಆ ಕೊರತೆಯನ್ನು ಅವರು ಚುರುಕುತನದಿಂದ ತುಂಬಿಕೊಂಡರು.

ಕ್ಷೌರದ ಅಂಗಡಿಯಿಂದ ಶಾಸನಸಭೆಗೆ

ಹಾರ್ವರ್ಡ್ ಇರುವ ಕೇಂಬ್ರಿಜ್ ನಗರದ ಕ್ಷೌರದ ಅಂಗಡಿಯೊಂದು ಇದೇ ಆಟಗಾರನಿಗೆ ಬಣ್ಣದ ಕಾರಣಕ್ಕೆ ಸೇವೆ ನಿರಾಕರಿಸಿತು. ಲೂಯಿಸ್ ಸುಮ್ಮನಾಗಲಿಲ್ಲ. ಅವರ ಪ್ರಯತ್ನದ ಫಲವಾಗಿ 1893ರಲ್ಲಿ ಮ್ಯಾಸಚೂಸೆಟ್ಸ್ ತನ್ನ ಸಾರ್ವಜನಿಕ ಸೌಲಭ್ಯಗಳ ಕಾನೂನಿನ ವ್ಯಾಪ್ತಿಗೆ ಕ್ಷೌರದ ಅಂಗಡಿಗಳನ್ನೂ ತಂದಿತು. ಮುಂದೆ 1902ರಲ್ಲಿ ಅವರೇ ಆ ರಾಜ್ಯದ ಶಾಸನಸಭೆಯ ಸದಸ್ಯರಾದರು.

ಎರಡು ಸಾಲುಗಳ ನಡುವಿನ ಜಾಗ

1895ರಲ್ಲಿ ಕಾನೂನು ಪದವಿ ಪಡೆದ ಲೂಯಿಸ್, ವಕೀಲಿಕೆಯ ಜೊತೆಗೇ 1906ರವರೆಗೆ ಹಾರ್ವರ್ಡ್ ತಂಡಕ್ಕೆ ತರಬೇತಿ ನೀಡಿದರು. ರಕ್ಷಣಾತಂತ್ರದಲ್ಲಿ ಅವರದು ವಿಶೇಷ ಪರಿಣತಿ. 1896ರಲ್ಲಿ ಆಟದ ಕುರಿತು ಕೈಪಿಡಿಯೊಂದನ್ನೂ ಬರೆದರು.

ಅಂದಿನ ಫುಟ್‌ಬಾಲ್ ಪ್ರಾಣಾಂತಿಕವಾಗಿತ್ತು. ಎರಡೂ ಸಾಲುಗಳು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದುದರಿಂದ ಗುದ್ದಾಟ ಸಾಮಾನ್ಯವಾಗಿತ್ತು. ಪತ್ರಿಕೆಗಳ ಲೆಕ್ಕದಂತೆ 1905ರೊಂದರಲ್ಲೇ ಕನಿಷ್ಠ 18 ಆಟಗಾರರು ಮೃತಪಟ್ಟರು. ಆಟವನ್ನು ನಿಷೇಧಿಸಬೇಕೆಂಬ ಕೂಗೆದ್ದಾಗ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಅವರೇ ಮಧ್ಯಪ್ರವೇಶಿಸಿದರು. 1906ರಲ್ಲಿ ನಿಯಮಗಳು ಬದಲಾದವು. ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಜಾಗವನ್ನು ತೆರವಾಗಿ ಬಿಡಬೇಕೆಂಬುದು ಅವುಗಳಲ್ಲೊಂದು. 'ತಟಸ್ಥ ವಲಯ' ಎನಿಸಿಕೊಂಡ ಈ ಸಲಹೆಯ ಶ್ರೇಯ ಲೂಯಿಸ್ ಅವರಿಗೆ ಸಲ್ಲುತ್ತದೆ. ಆ ನಿಯಮ ಇಂದಿಗೂ ಜಾರಿಯಲ್ಲಿದೆ.

ವಕೀಲರ ಸಂಘದ ವಿರೋಧ

ರೂಸ್ವೆಲ್ಟ್ ಅವರು 1903ರಲ್ಲೇ ಲೂಯಿಸ್ ಅವರನ್ನು ಬೋಸ್ಟನ್‌ನಲ್ಲಿ ಸಹಾಯಕ ಸರ್ಕಾರಿ ವಕೀಲರನ್ನಾಗಿ ನೇಮಿಸಿದ್ದರು. 1910ರಲ್ಲಿ ಅಧ್ಯಕ್ಷ ಟಾಫ್ಟ್ ಅವರು ಲೂಯಿಸ್ ಹೆಸರನ್ನು ರಾಷ್ಟ್ರದ ಸಹಾಯಕ ಅಟಾರ್ನಿ ಜನರಲ್ ಹುದ್ದೆಗೆ ಸೂಚಿಸಿದರು. ಮರುವರ್ಷ ಸೆನೆಟ್ ಒಪ್ಪಿಗೆ ನೀಡಿತು. ಅಲ್ಲಿಯವರೆಗೆ ಆಡಳಿತಾಂಗದಲ್ಲಿ ಕಪ್ಪು ವರ್ಣೀಯರೊಬ್ಬರು ಅಷ್ಟು ಎತ್ತರದ ಹುದ್ದೆಗೇರಿರಲಿಲ್ಲ.

1911ರಲ್ಲಿ ಅಮೆರಿಕನ್ ವಕೀಲರ ಸಂಘ ಅವರಿಗೆ ಸದಸ್ಯತ್ವ ನೀಡಿತು. ಅವರ ವರ್ಣ ತಿಳಿದ ಬಳಿಕ, 1912ರಲ್ಲಿ ಸಂಘದ ಕಾರ್ಯಕಾರಿ ಸಮಿತಿ ಅದನ್ನು ರದ್ದುಪಡಿಸಲು ನಿರ್ಧರಿಸಿತು. ಅಟಾರ್ನಿ ಜನರಲ್ ಜಾರ್ಜ್ ವಿಕರ್ಶಾಮ್ ಸಂಘದ ಸದಸ್ಯರಿಗೆಲ್ಲ ಪತ್ರ ಬರೆದು ಪ್ರತಿಭಟಿಸಿದರು. ಕೊನೆಗೆ ಲೂಯಿಸ್ ಸದಸ್ಯತ್ವ ಉಳಿಯಿತು. ಆದರೆ ಮುಂದೆ ಅರ್ಜಿದಾರರು ತಮ್ಮ ವರ್ಣವನ್ನು ನಮೂದಿಸಬೇಕೆಂಬ ನಿರ್ಣಯವೂ ಆಯಿತು. ಸದಸ್ಯತ್ವಕ್ಕೆ ವರ್ಣ ಅಡ್ಡಿಯಾಗದೆಂದು ಸಂಘ ಘೋಷಿಸಲು 1943ರವರೆಗೆ ಕಾಯಬೇಕಾಯಿತು.

ಸರ್ಕಾರ ಬದಲಾದ ಮೇಲೆ 1913ರಲ್ಲಿ ಹುದ್ದೆ ತೊರೆದ ಲೂಯಿಸ್, ಬೋಸ್ಟನ್‌ನಲ್ಲಿ ವಕೀಲಿಕೆ ಮುಂದುವರಿಸಿ 1949ರಲ್ಲಿ ನಿಧನರಾದರು. ಕಾಲೇಜು ಫುಟ್‌ಬಾಲ್‌ನ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು 2009ರಲ್ಲಿ, ಅವರು ತೀರಿಕೊಂಡ 60 ವರ್ಷಗಳ ಬಳಿಕ.