ಕಾಳಿನ ಚೀಲದ ಜಗಳ

ಜೀವವಿಕಾಸದ ಅಧ್ಯಯನದೊಳಗೆ ಗಣಿತದ ಮಾದರಿಗಳು ಬೇರೂರಿದ್ದು 1900ರಲ್ಲಿ ಮೆಂಡಲ್ ನಿಯಮಗಳು ಮರಳಿ ಬೆಳಕಿಗೆ ಬಂದ ಮೇಲೆ. ಪ್ರಬಲ ಗುಣ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಲೇ ಹೋಗಬೇಕಲ್ಲವೇ ಎಂಬ ಗೊಂದಲ ಆಗ ಇತ್ತು. ತಳಿವಿಜ್ಞಾನಿ ಪನೆಟ್ ಅದನ್ನು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಅವರ ಮುಂದಿಟ್ಟರು. ಮುಂದೆ ರಾಮಾನುಜನ್ ಅವರನ್ನು ಕರೆಸಿಕೊಂಡ ಅದೇ ಹಾರ್ಡಿ. ಆಯ್ಕೆ, ವಲಸೆಯಂಥ ಒತ್ತಡಗಳಿಲ್ಲದ ದೊಡ್ಡ ಸಮುದಾಯದಲ್ಲಿ ಜೀನುಗಳ ಪ್ರಮಾಣ ಬದಲಾಗದೆಂದು ಅವರು 1908ರಲ್ಲಿ ತೋರಿಸಿದರು. ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಅದೇ ವರ್ಷ ಅಲ್ಲಿಗೇ ತಲುಪಿದ್ದರು.

ಬದಲಾವಣೆಯ ಲೆಕ್ಕವನ್ನು ಕಟ್ಟಿದವರು ಫಿಶರ್, ಸೀವಾಲ್ ರೈಟ್ ಮತ್ತು ಜೆ.ಬಿ.ಎಸ್. ಹಾಲ್ಡೇನ್. ಮ್ಯಾಂಚೆಸ್ಟರ್ ಸುತ್ತ 1848ರಲ್ಲಿ ಅಪರೂಪವಾಗಿದ್ದ ಕಪ್ಪು ಪತಂಗ ಅರ್ಧ ಶತಮಾನದಲ್ಲಿ ಬಿಳಿಯದನ್ನು ಹೆಚ್ಚುಕಡಿಮೆ ಅಳಿಸಿಹಾಕಿತ್ತು. ಇಷ್ಟು ವೇಗಕ್ಕೆ ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಸಂತತಿ ಉಳಿಸಿರಬೇಕೆಂದು ಹಾಲ್ಡೇನ್ 1924ರಲ್ಲಿ ಲೆಕ್ಕ ಹಾಕಿದರು. ಕಾಡಿಗೆ ಹೋಗಿ ಜೀವವಿಜ್ಞಾನಿ ಕೆಟಲ್‌ವೆಲ್ ಪ್ರಯೋಗ ಮಾಡಿದ್ದು 1950ರ ದಶಕದಲ್ಲಿ; ಹಕ್ಕಿಗಳು ಪತಂಗ ಹಿಡಿಯುವ ರೀತಿಯೂ ಆಯ್ಕೆ ಬಲವಾದುದೆಂದೇ ಹೇಳಿತು.

ಇಷ್ಟಾದರೂ 1959ರಲ್ಲಿ ಹಾರ್ವರ್ಡ್‌ನ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಕೆಣಕಿದರು: ಈ ಗಣಿತದಿಂದ ವಿಕಾಸವಾದಕ್ಕೆ ದಕ್ಕಿದ್ದೇನು? ಚೀಲಕ್ಕೆ ಬಣ್ಣದ ಕಾಳು ಹಾಕಿ ತೆಗೆಯುವಂತೆ ಜೀನುಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಅವುಗಳ ಪರಸ್ಪರ ಪ್ರಭಾವ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಅವರ ತಕರಾರು.

ಉತ್ತರ ಬಂದದ್ದು 1964ರಲ್ಲಿ. ಫಿಶರ್ ತೀರಿಕೊಂಡಿದ್ದರು, ರೈಟ್ ಜಗಳಕ್ಕೆ ಇಳಿಯದಷ್ಟು ಸೌಮ್ಯರು. ಹಾಗಾಗಿ ಭಾರತಕ್ಕೆ ಬಂದು ನೆಲೆಸಿದ್ದ ಹಾಲ್ಡೇನ್ ತಾವೇ ಲೇಖನಿ ಎತ್ತಿದರು. ಮಾತಿನ ವಾದದಲ್ಲಿ ಅಡಗಿ ಕೂರುವ ಊಹೆಗಳನ್ನು ಸಮೀಕರಣ ಬಯಲಿಗೆ ಎಳೆಯುತ್ತದೆ ಎಂಬುದು ಅವರ ವಾದದ ತಿರುಳು. ಅದಕ್ಕೆ ಅವರದೇ ಹಿಮೋಫಿಲಿಯಾ ಲೆಕ್ಕ ಸಾಕ್ಷಿ. ಹೆಚ್ಚಿನ ರೋಗಿಗಳು ಸಂತಾನಕ್ಕೆ ಮೊದಲೇ ಸಾಯುತ್ತಿದ್ದರೂ ರೋಗ ಕಡಿಮೆಯಾಗುತ್ತಿರಲಿಲ್ಲ. ಹಾಗಾದರೆ ಅಳಿದಷ್ಟನ್ನು ಹೊಸ ರೂಪಾಂತರಗಳು ತುಂಬುತ್ತಿರಬೇಕು. ಈ ತರ್ಕದಿಂದ, ಡಿಎನ್‌ಎ ರಚನೆ ತಿಳಿಯುವ ಎಷ್ಟೋ ಮೊದಲೇ, ತಲೆಮಾರಿಗೆ ಆ ಜೀನಿನ ಸುಮಾರು 50,000 ಪ್ರತಿಗಳಿಗೊಂದು ರೂಪಾಂತರ ಎಂದು 1935ರಲ್ಲಿ ಅವರು ಅಂದಾಜಿಸಿದ್ದರು.

ಮೇಯರ್ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಜೀನಿನ ಪರಿಣಾಮ ಅದರ ಸಹವಾಸಿಗಳನ್ನೂ ಅವಲಂಬಿಸುತ್ತದೆ. ಆದರೆ ಅದನ್ನು ರೈಟ್ 1930ರ ದಶಕದಲ್ಲೇ ತಮ್ಮ ಮಾದರಿಗೆ ಸೇರಿಸಿಕೊಂಡಿದ್ದರು. ಪಠ್ಯಪುಸ್ತಕಗಳು ಹಾರ್ಡಿ-ವೈನ್‌ಬರ್ಗ್ ಸೂತ್ರವನ್ನು ಬಾಯಿಪಾಠಕ್ಕೆ ಇಟ್ಟುಕೊಂಡು ಈ ಜಗಳವನ್ನು ಕೈಬಿಟ್ಟಿರುವುದು ಅನ್ಯಾಯ. ಉತ್ತರ ಪ್ರಕಟವಾದ ವರ್ಷವೇ, ಡಿಸೆಂಬರ್ 1ರಂದು, ಹಾಲ್ಡೇನ್ ಭುವನೇಶ್ವರದಲ್ಲಿ ತೀರಿಕೊಂಡರು.