ಬಿಟ್ಟ ಮೆಟ್ಟಿಲಿನಿಂದಲೇ

ಮಾರ್ಚ್ ಮೊದಲ ವಾರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಕೂತಾಗಿತ್ತು. ಜೇನುಕುರುಬರ ಹಾಡಿಯ ಕಡೆಯಿಂದ ಬಂದ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತಳು. ಎರಡನೇ ತರಗತಿ. ಕಾಫಿ ಕುಯ್ಲಿಗೆಂದು ಅಪ್ಪ ಅವ್ವನ ಜತೆ ಸಂಕ್ರಾಂತಿಗೆ ಮುಂಚೆಯೇ ಕೊಡಗಿಗೆ ಹೋದವಳು ಹಿಂದಿನ ಸಂಜೆಯಷ್ಟೇ ಮರಳಿದ್ದಳು. ತಲೆಗೆ ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ್ದರು. ಬೆರಳ ಸಂದಿಯ ಕಾಫಿ ಕರೆ ಮಾತ್ರ ಇನ್ನೂ ಹೋಗಿರಲಿಲ್ಲ.

ಇಷ್ಟು ದಿನ ಎಲ್ಲಿದ್ದೆ ಎಂದು ಟೀಚರ್ ಕೇಳಲಿಲ್ಲ. “ಬಂದ್ಯಾ ಕಣವ್ವಾ? ಹೋಗು, ಏಣಿ ನೋಡ್ಕೊ” ಎಂದರಷ್ಟೆ. ಹುಡುಗಿ ನೆಟ್ಟಗೆ ಗೋಡೆಯ ಹತ್ತಿರ ಹೋದಳು. ಅಲ್ಲಿ ತೂಗುಹಾಕಿದ್ದ ಕಲಿಕಾ ಏಣಿಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಜರುಗಿಸುತ್ತ ಒಂದು ಚಿತ್ರದ ಬಳಿ ನಿಲ್ಲಿಸಿದಳು. ಅದೇ ಚಿತ್ರ, ಅದೇ ಸಂಖ್ಯೆಯ ಕಾರ್ಡನ್ನು ಟ್ರೇಯಿಂದ ಹುಡುಕಿ ತೆಗೆದಳು. ಗುಂಪುತಟ್ಟೆಯೊಂದರ ಸುತ್ತ ಕೂತಿದ್ದ ಮಕ್ಕಳು ಕೊಂಚ ಸರಿದು ಜಾಗ ಬಿಟ್ಟರು. ಅವಳ ಒಂದು ಪಕ್ಕಕ್ಕೆ ಒಂದನೇ ತರಗತಿಯ ಹುಡುಗ, ಇನ್ನೊಂದು ಪಕ್ಕಕ್ಕೆ ಮೂರನೆಯವಳು. ಸ್ವಲ್ಪ ಹೊತ್ತಿಗೆಲ್ಲ ಆಕೆ ಎದ್ದು, ಗೋಡೆಯ ಬುಡಕ್ಕೆ ಬಳಿದಿದ್ದ ಕಪ್ಪುಹಲಗೆಯಲ್ಲಿ ತನ್ನ ಪಾಲಿನ ಚೌಕದೊಳಗೆ ಸೀಮೆಸುಣ್ಣ ಹಿಡಿದು ಬರೆಯತೊಡಗಿದ್ದಳು. ತಿಂಗಳುಗಟ್ಟಲೆ ಶಾಲೆ ಬಿಟ್ಟಿದ್ದ ಮಗು ಓದಿಗೆ ಮರಳಲು ಹಿಡಿದದ್ದು ಅಷ್ಟೇ ಹೊತ್ತು.

ಈ ನಲಿ-ಕಲಿ ಪದ್ಧತಿಯ ವಿಚಾರ ನಮ್ಮ ಓದುಗರಿಗೆ ಹೊಸದಲ್ಲ. ಮನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿದ್ದರೆ ತಟ್ಟೆ, ಕಾರ್ಡು, ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಚಿತ್ರಗಳ ಚಪ್ಪರ ಎಲ್ಲವೂ ಗೊತ್ತಿರುತ್ತದೆ. ನಾನೂ ಇದರ ಬಗ್ಗೆ ಓದಿದ್ದೆ, ಕೇಳಿದ್ದೆ. ಆದರೆ ಈ ವ್ಯವಸ್ಥೆ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತೆಂಬುದು ಆ ಹುಡುಗಿಯ ಬೆರಳು ಏಣಿಯ ಮೇಲೆ ನಿಂತಾಗ ಕಂಡಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಎಲ್ಲರೂ ಒಂದೇ ದಿನ ಒಂದೇ ಪುಟ ತೆರೆಯುವ ತರಗತಿಯಲ್ಲಿ ಇವಳ ಪಾಡು ಏನಾಗುತ್ತಿತ್ತು? ಪಾಠ ಎಷ್ಟೋ ಮುಂದಕ್ಕೆ ಹೋಗಿರುತ್ತಿತ್ತು. ಮೊದಲ ದಿನ ಅರ್ಥವಾಗುವುದಿಲ್ಲ, ಎರಡನೆಯ ದಿನ ಕೇಳಲು ನಾಚಿಕೆ, ಮೂರನೆಯ ದಿನ ಹೊಟ್ಟೆನೋವು. ವಾರ ಕಳೆಯುವಷ್ಟರಲ್ಲಿ ಹೊಳೆದಂಡೆಯೇ ವಾಸಿ ಎನ್ನಿಸುತ್ತಿತ್ತು. ಆಮೇಲೆ ಊರಿನವರು, ಕೆಲವೊಮ್ಮೆ ಶಿಕ್ಷಕರೂ ಹೇಳುವ ಮಾತು ಒಂದೇ: “ಹಾಡಿ ಮಕ್ಕಳಿಗೆ ಓದಿನ ಮೇಲೆ ಆಸೆ ಇಲ್ಲ ಬಿಡಿ.” ಈ ಮಾತನ್ನು ನಾನು ಒಪ್ಪುವುದಿಲ್ಲ. ಆಸೆ ಎಂಬುದು ಮಗುವಿನ ಎದೆಯೊಳಗೆ ಮಾತ್ರ ಇರುವ ಸರಕಲ್ಲ. ಕೂಲಿಯ ಹಂಗಾಮು, ಮನೆಮಾತು, ಕೂರುವ ಜಾಗ, ಕರೆಯುವ ಹೆಸರು ಎಲ್ಲವೂ ಸೇರಿ ಅದನ್ನು ಬೆಳೆಸುತ್ತವೆ, ಇಲ್ಲವೇ ಕೊಲ್ಲುತ್ತವೆ. ಟೀಚರ್ ಹೇಳಿದ ರೀತಿ ಇನ್ನೂ ಚೆನ್ನಾಗಿತ್ತು: “ಅವಳು ಹಿಂದೆ ಬಿದ್ದಿಲ್ಲ ಸರ್. ಎಲ್ಲಿ ನಿಂತಿದ್ಲೋ ಅಲ್ಲೇ ಇದಾಳೆ. ಅಲ್ಲಿಂದ ಹತ್ತುತಾಳೆ.”

ನಲಿ-ಕಲಿಯ ಇತಿಹಾಸ ಚಿಕ್ಕದು. ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ರಿಷಿವ್ಯಾಲಿ ಶಾಲೆ ಇರುವುದು ಆಂಧ್ರದ ಮದನಪಲ್ಲಿಯ ಬಳಿ. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರ, ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಹಳ್ಳಿ ಶಾಲೆಗಳಿಗಾಗಿ ಏಣಿ ಮತ್ತು ಕಾರ್ಡುಗಳ ಪದ್ಧತಿಯನ್ನು ರೂಪಿಸಿತ್ತು. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಬಂದವರು ತಾವೇ ಕೂತು ಕನ್ನಡದ ಕಾರ್ಡು ಬರೆದರು, ಹಾಡು ಕಟ್ಟಿದರು, ಚಿತ್ರ ಬಿಡಿಸಿದರು. ಒಂದರಿಂದ ಮೂರನೇ ತರಗತಿಯವರೆಗಿನ ಗೋಡೆ ಬಿತ್ತು. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ರಾಜಧಾನಿಯಲ್ಲಿ ಹುಟ್ಟಿ ತಾಲ್ಲೂಕಿಗೆ ಇಳಿದ ಯೋಜನೆಗಳೇ ಹೆಚ್ಚಿರುವ ಈ ಇಲಾಖೆಯಲ್ಲಿ ತಾಲ್ಲೂಕಿನಲ್ಲಿ ಚಿಗುರಿ ರಾಜಧಾನಿಗೆ ಹತ್ತಿದ್ದು ಇದು. ಕಬಿನಿ ಜಲಾಶಯಕ್ಕೆ ಊರು, ನಾಗರಹೊಳೆಗೆ ಕಾಡು ಬಿಟ್ಟುಕೊಟ್ಟ ಜನರಿರುವ ತಾಲ್ಲೂಕಿನಲ್ಲಿ ಚಿಗುರಿದ್ದು ಎಂಬುದನ್ನೂ ಮರೆಯಬಾರದು.

ಇನ್ನು ನನಗೆ ಅತ್ಯಂತ ಪ್ರಿಯವಾದ ಸಂಗತಿ. ನಲಿ-ಕಲಿಯ ಕನ್ನಡ ಶುರುವಾಗುವುದು ‘ಅ ಆ ಇ ಈ’ಯಿಂದಲ್ಲ, ‘ರ ಗ ಸ ದ ಅ’ದಿಂದ. ಇದನ್ನು ಕೇಳಿ ಬೇಸರಪಟ್ಟ ಎಷ್ಟು ಅಜ್ಜಂದಿರನ್ನು ಕಂಡಿದ್ದೇನೋ. “ವರ್ಣಮಾಲೆಗೆ ಒಂದು ಕ್ರಮ ಬೇಡವೇನಪ್ಪಾ?” ಎಂಬ ಅವರ ಪ್ರಶ್ನೆಯಲ್ಲಿ ಕಾಳಜಿ ಇದೆ. ಆದರೆ ಆ ಕ್ರಮ ಯಾರಿಗೆ ಒಗ್ಗುತ್ತಿತ್ತು ನೋಡಿ. ವಿಜಯದಶಮಿಯಂದು ತಟ್ಟೆಯ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುವ ಮನೆಯಲ್ಲಿ ಮಗು ಶಾಲೆಗೆ ಬರುವ ಮುಂಚೆಯೇ ಅಕ್ಷರಗಳ ಸದ್ದು ಕಿವಿಗೆ ಬಿದ್ದಿರುತ್ತದೆ. ಸ್ವರಗಳನ್ನೆಲ್ಲ ಮುಗಿಸಿ, ಕಾಗುಣಿತ ದಾಟಿ, ಒಂದು ಪದ ಓದುವವರೆಗೆ ಆ ಮಗು ತಾಳ್ಮೆಯಿಂದ ಕಾಯುತ್ತದೆ. ಕಾದರೆ ಏನು ಸಿಗುತ್ತದೆಂದು ಮನೆಯಲ್ಲಿ ಪೇಪರ್ ಓದುವ ಅಪ್ಪನನ್ನು ನೋಡಿಯೇ ಅದಕ್ಕೆ ಗೊತ್ತು. ಓದುವವರೇ ಇಲ್ಲದ ಮನೆಯ ಮಗು ಯಾವ ನಂಬಿಕೆಯ ಮೇಲೆ ಕಾಯಬೇಕು? ‘ಅ’ದಿಂದ ‘ಅಃ’ವರೆಗೆ ಪೂರಾ ಕಲಿತರೂ ‘ಆ’, ‘ಈ’ಗಳಂಥವನ್ನು ಬಿಟ್ಟರೆ ಬರೆಯಲು ಪದವಿಲ್ಲ. ಙ, ಞಗಳ ಮಾತಂತೂ ಬೇಡ.

ಈಗ ಐದೇ ಅಕ್ಷರ ತೆಗೆದುಕೊಳ್ಳಿ: ರ, ಗ, ಸ, ದ, ಅ. ಮೊದಲ ನಾಲ್ಕಕ್ಕೂ ತಲೆಕಟ್ಟು ಒಂದೇ. ಒಂದು ಕೈಗೆ ಹತ್ತಿದರೆ ಮಿಕ್ಕವು ಬೇಗ ಕೂಡುತ್ತವೆ. ಐದು ಬಂದ ಗಳಿಗೆಯಲ್ಲೇ ಸರ, ದರ, ಗರಗಸ, ಸರಸರ, ಅದರ ಎಲ್ಲವೂ ಓದಲು ಬರುತ್ತವೆ. ಅರಸ ಬರುತ್ತಾನೆ, ಅಗಸನೂ ಬರುತ್ತಾನೆ. ಇಬ್ಬರೂ ಒಂದೇ ದಿನ, ಒಂದೇ ಕಾರ್ಡಿನ ಅಕ್ಷರಗಳಿಂದ. ಮುಂದಿನ ಗುಂಪು ಜ, ವ, ಮ, ಬ, ನ. ಹತ್ತು ಅಕ್ಷರಕ್ಕೆ ಮರ, ವನ, ದನ, ಬನ, ಜನ, ಮಗ, ಬಸವ. ಹಾಡಿಯ ಮಗು ತನ್ನ ಸುತ್ತ ಏನನ್ನು ನೋಡುತ್ತದೋ ಅದರಲ್ಲಿ ಬಹುಪಾಲು! ದೀರ್ಘವಿಲ್ಲ, ಒತ್ತಿಲ್ಲ, ಕೊಂಬಿಲ್ಲ. ನಾನು ಅಲ್ಲೇ ಕೂತು ನೋಟುಪುಸ್ತಕದಲ್ಲಿ ಈ ಹತ್ತರಿಂದ ಎಷ್ಟು ಪದ ಹುಟ್ಟುತ್ತವೆಂದು ಬರೆಯುತ್ತ ಹೋದೆ. ಪುಟ ತುಂಬಿತು. ಪಕ್ಕದಲ್ಲಿ ಇಣುಕುತ್ತಿದ್ದ ಹುಡುಗ ನಾನು ಬಿಟ್ಟಿದ್ದ ‘ಗಜ’ವನ್ನು ತಾನೇ ಸೇರಿಸಿದ. ಕಬಿನಿ ಹಿನ್ನೀರಿನ ಹುಡುಗ ಆನೆಯನ್ನು ಮರೆತಾನೆಯೇ! ಅಕ್ಷರ ಕಲಿತ ಮೊದಲ ವಾರದಲ್ಲೇ ‘ನಾನು ಓದಿದೆ’ ಎಂದು ಮಗು ಹೇಳುವಂತಾಗುವುದು ಸಣ್ಣ ವಿಷಯವಲ್ಲ. ಓದಿನ ರುಚಿ ಹತ್ತುವುದು ಅಲ್ಲೇ. ವರ್ಣಮಾಲೆಯ ಹಳೆಯ ಕ್ರಮ ಶಾಸ್ತ್ರಶುದ್ಧ, ಸುಂದರ. ಅದನ್ನು ಆಮೇಲೆ ಕಲಿಸಿದರೆ ನಷ್ಟವಿಲ್ಲ, ಕಲಿಸುತ್ತಲೂ ಇದ್ದಾರೆ.

ಮನೆಮಾತಿನ ವಿಷಯ ಇದಕ್ಕಿಂತ ಸೂಕ್ಷ್ಮ. ಜೇನುಕುರುಬರ ಮನೆಯ ನುಡಿಗೂ ಪುಸ್ತಕದ ಕನ್ನಡಕ್ಕೂ ಇರುವ ದೂರ ಹೊರಗಿನವರಿಗೆ ತಟ್ಟನೆ ಕಾಣುವುದಿಲ್ಲ; ಕೇಳಿದರೆ ಕನ್ನಡದ ಹಾಗೇ ಇರುತ್ತದೆ. ಅದಕ್ಕೇ ಮಗು ಸುಮ್ಮನೆ ಕೂತರೆ ದಡ್ಡ ಎಂದುಕೊಳ್ಳುತ್ತಾರೆ, ಮಾತು ಅರ್ಥವಾಗಿಲ್ಲ ಎಂದಲ್ಲ. ಈ ಟೀಚರ್ ಹಾಡಿಯ ಮಾತು ಕಲಿತಿದ್ದಾರೆ. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಮೊದಲು ಸೂಚನೆಗಳನ್ನು ಅದರಲ್ಲೇ ಹೇಳುತ್ತಾರೆ. ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ, ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ಅಡುಗೆಯವರಿಂದ ಕಲಿತದ್ದು.

ಹೆಸರು ಕರೆಯುವ ವಿಚಾರಕ್ಕೆ ಬಂದರೆ ನನಗೆ ಪದೇ ಪದೇ ನೆನಪಾಗುವುದು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ. ಅದನ್ನು 2004ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿತು. ಮೇಲ್ಜಾತಿಯ 321 ಮತ್ತು ಕೆಳಜಾತಿಯ 321 ಹುಡುಗರಿಗೆ ಕಾಗದದ ಮೇಲಿನ ಗೋಜಲು ದಾರಿಗಳನ್ನು ಬಿಡಿಸಲು ಕೊಟ್ಟರು, ಬಿಡಿಸಿದಷ್ಟಕ್ಕೆ ಹಣ. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಆಟಕ್ಕೆ ಮುಂಚೆ ಎಲ್ಲರೆದುರು ಹೆಸರು, ತಂದೆಯ ಹೆಸರು, ಜಾತಿಗಳನ್ನು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಹಳ ಹಿಂದೆ ಬಿದ್ದರು. ಬುದ್ಧಿ ಅದೇ, ಪೆನ್ಸಿಲ್ ಅದೇ, ಹಣದ ಆಸೆಯೂ ಅದೇ. ಬದಲಾಗಿದ್ದು ಕೋಣೆಯಲ್ಲಿ ಕೇಳಿಬಂದ ಒಂದು ಸಾಲು.

ನಮ್ಮಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ದಿನ “ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ” ಎಂದು ತರಗತಿಯಲ್ಲಿ ಕೂಗುವುದನ್ನು ಕಂಡವರು ಕಡಿಮೆಯಿಲ್ಲ. ಕೂಗುವವರ ಮನಸ್ಸಿನಲ್ಲಿ ಕೇಡು ಇರಲಿಕ್ಕಿಲ್ಲ. ಪಟ್ಟಿ ಬೇಗ ಆಗಬೇಕು, ಅಷ್ಟೆ. ಆದರೆ ಎದ್ದು ನಿಂತ ಮಗುವಿಗೆ ಅಂದಿನ ಉಳಿದ ಪಾಠಗಳೆಲ್ಲ ಹೇಗೆ ಕೇಳಿಸಿರಬಹುದು? ವಿದ್ಯಾರ್ಥಿವೇತನ ಬೇಕೇ ಬೇಕು. ಅದರ ಪಟ್ಟಿಯನ್ನು ಮಕ್ಕಳೆದುರು ಓದಬೇಕಾಗಿಲ್ಲ. ನಲಿ-ಕಲಿಯ ತಟ್ಟೆಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ಹೇಳುವುದು ಆ ದಿನದ ಕಾರ್ಡು. ಊರ ಗೌಡರ ಮೊಮ್ಮಗನೂ ಹಾಡಿಯ ಹುಡುಗಿಯೂ ಒಂದೇ ಮೆಟ್ಟಿಲಲ್ಲಿದ್ದರೆ ಒಂದೇ ತಟ್ಟೆ. ನಾಳೆ ತಟ್ಟೆ ಬದಲಾಗುತ್ತದೆ. ಖಾಯಂ ಜಾಗವಿಲ್ಲ, ಹಾಗಾಗಿ ಖಾಯಂ ಹಿಂದಿನ ಬೆಂಚೂ ಇಲ್ಲ.

ಎಲ್ಲ ಕಡೆಯೂ ಹೀಗೇ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಬೇರೆ ಕಡೆ ನೋಡಿದ ಕೆಲವು ಕೋಣೆಗಳಲ್ಲಿ ಏಣಿ ಗೋಡೆಯ ಅಲಂಕಾರ, ಕಾರ್ಡುಗಳ ಅಂಚೂ ಸವೆದಿರಲಿಲ್ಲ. ಸಾವಿರಾರು ಶಾಲೆಗಳಿಗೆ ಒಮ್ಮೆಲೇ ಹಂಚಿದಾಗ, ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಮಾಡಿದ್ದು ಉಳಿದವರಿಗೆ ಮೇಲಿನಿಂದ ಬಂದ ಆದೇಶವಾಯಿತು. ತಾನು ಕಟ್ಟಿದ ಹಾಡನ್ನು ಹೇಳಿಕೊಡುವ ಶಿಕ್ಷಕಿಗೂ ಸುತ್ತೋಲೆಯ ಹಾಡು ಹೇಳಿಕೊಡುವ ಶಿಕ್ಷಕಿಗೂ ವ್ಯತ್ಯಾಸವಿದೆ. ತಂದೆತಾಯಿಯರ ಅನುಮಾನವೂ ಇದೆ. ಕಷ್ಟಪಟ್ಟು ದುಡಿಯುವ ಅಪ್ಪನಿಗೆ ಮಗ ನೆಲದ ಮೇಲೆ ಕೂತು ಕಲ್ಲು, ಬೀಜ ಎಣಿಸುವುದು ಓದಿನಂತೆ ಕಾಣುವುದಿಲ್ಲ. ಟೈ ಕಟ್ಟಿಕೊಂಡು ವ್ಯಾನ್ ಹತ್ತುವುದು ಓದಿನಂತೆ ಕಾಣುತ್ತದೆ. 2019-20ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆ ತಂದೆತಾಯಿಯರನ್ನು ನಾನು ದೂರಲಾರೆ. ಇಂಗ್ಲಿಷ್ ಇಲ್ಲದೆ ತಾವು ಎಲ್ಲೆಲ್ಲಿ ನಿಂತು ಕಾಯಬೇಕಾಯಿತೆಂದು ಅವರಿಗೆ ಗೊತ್ತಿದೆ.

ನನ್ನ ದೊಡ್ಡ ತಕರಾರು ನಾಲ್ಕನೇ ತರಗತಿಯದು. ಮೂರು ವರ್ಷ ತನ್ನ ಹೆಜ್ಜೆಯಲ್ಲಿ ಹತ್ತಿದ ಮಗುವಿಗೆ ಅಲ್ಲಿ ಏಣಿ ಇಲ್ಲ. ಪಠ್ಯಪುಸ್ತಕ, ಸಾಲು ಬೆಂಚು, ಎಲ್ಲರಿಗೂ ಒಂದೇ ಪುಟ. ಕಾಫಿ ಕುಯ್ಲು ಮಾತ್ರ ಹಾಗೇ ಇರುತ್ತದೆ. ಮಗು ದೊಡ್ಡದಾದಂತೆ ಅದರ ಕೈಗೆ ಕೆಲಸವೂ ಹೆಚ್ಚು ಸಿಗುತ್ತದೆ.

ಹೊರಡುವ ಮುನ್ನ ಟೀಚರ್ ಮೇಜಿನ ಡ್ರಾಯರಿನಿಂದ ಒಂದಿಷ್ಟು ಚೀಟಿಗಳನ್ನು ತೆಗೆದು ತೋರಿಸಿದರು. ಹಂಗಾಮಿಗೆ ಹೊರಡುವ ಪ್ರತಿ ಮನೆಗೂ ಮಗುವಿನ ಹೆಸರು, ಕನ್ನಡದಲ್ಲಿ ಏಣಿಯ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವ ಮೈಲಿಗಲ್ಲು ಎಂದು ಬರೆದು ಕಳಿಸುತ್ತಾರಂತೆ. ಏಣಿ ರಾಜ್ಯಕ್ಕೆಲ್ಲ ಒಂದೇ ಆದ್ದರಿಂದ ತೋಟದ ಹತ್ತಿರದ ಕೊಡಗಿನ ಶಾಲೆಯೂ ಅಲ್ಲಿಂದಲೇ ಹಿಡಿಯಬಹುದು. ಎಲ್ಲ ಮಕ್ಕಳೂ ಹೋಗುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳಿಂದ ಶಾಲೆ ದೂರ. ಆ ಹುಡುಗಿಯೂ ಈ ಸಲ ಹೋಗಿರಲಿಲ್ಲ. ಆದರೆ ಎರಡು ಚೀಟಿಗಳ ಹಿಂಬದಿಯಲ್ಲಿ ಬೇರೆ ಕೈಬರಹವಿತ್ತು: ಯಾವ ಮೆಟ್ಟಿಲಿಗೆ ಬಂದಿದ್ದಾರೆ, ಯಾವುದರಲ್ಲಿ ಇನ್ನೂ ತೊಡರುತ್ತಾರೆ. ಬರೆದ ಶಿಕ್ಷಕರನ್ನು ಇವರು ನೋಡಿಲ್ಲ. ಬರುವ ನವೆಂಬರ್ ಹೊತ್ತಿಗೆ ಚೀಟಿಯ ಬದಲು ಸಣ್ಣದೊಂದು ಪುಸ್ತಕ ಮಾಡಿಸಬೇಕೆಂದಿದ್ದಾರೆ, ಕೈಯಿಂದಲೇ ಖರ್ಚು ಹಾಕಿ. ಮೈಸೂರು, ಕೊಡಗು ಎರಡೂ ಜಿಲ್ಲೆಗಳ ಶಿಕ್ಷಣಾಧಿಕಾರಿಗಳು ಒಂದು ಮಧ್ಯಾಹ್ನ ಕೂತರೆ ಆ ಪುಸ್ತಕವನ್ನು ಇಲಾಖೆಯೇ ಅಚ್ಚು ಹಾಕಿಸಬಹುದು. ಹಾಕಿಸುವಾಗ ನಾಲ್ಕು, ಐದನೇ ತರಗತಿಗೂ ನಾಲ್ಕು ಪುಟ ಇರಲಿ.